ಮೇಷ್ಟ್ರ ಸ್ವಂತ ಕತೆ

ಮೇಷ್ಟ್ರಿಗೆ ಸ್ವಂತದ್ದೊಂದು ಕತೆ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ದುಂಡಗಿನ ಅಕ್ಷರವಿತ್ತು, ಹೆಗಲಿಗೆ ಬಟ್ಟೆಯ ಚೀಲವಿತ್ತು, ಮಾತಿನ ನಡುವೆ ಕಿಟಕಿಯ ಕಡೆ ನೋಡುವ ಅಭ್ಯಾಸವಿತ್ತು. ಬಡಾವಣೆಯ ಹುಡುಗ ಹುಡುಗಿಯರಿಗೆ ಪುಕ್ಕಟೆಯಾಗಿ ಬರವಣಿಗೆ ಕಲಿಸುವ ಬಳಗವೊಂದರಲ್ಲಿ ಎರಡು ವರ್ಷದಿಂದ ಕೆಲಸವೂ ಇತ್ತು. ಬಳಗಕ್ಕೆ ಇದ್ದದ್ದು ಕ್ಷೌರದಂಗಡಿಯ ಮೇಲಿನ ಒಂದೇ ಕೋಣೆ. ಗ್ಯಾರೇಜಿನಿಂದ, ಬಟ್ಟೆ ಅಂಗಡಿಯಿಂದ, ಕಾಲೇಜಿನಿಂದ ಬರುವವರು ಸಂಜೆ ಅಲ್ಲಿ ಕೂತು ಅರ್ಜಿ, ಲೇಖನ, ಕತೆ ಬರೆಯುತ್ತಿದ್ದರು. ಯಾರಾದರೂ ಬರೆದದ್ದನ್ನು ತಂದು ತೋರಿಸಿದರೆ ಮೇಷ್ಟ್ರು ಹಾಳೆಯನ್ನು ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು, ಕಿಟಕಿಯ ಕಡೆ ನೋಡಿ, "ಇನ್ನೊಂದ್ಸಲ ಓದಿ ನೋಡು," ಎನ್ನುತ್ತಿದ್ದರು. ತಂದವರು ಇನ್ನೊಂದು ಸಲ ಓದಿ ತಪ್ಪನ್ನು ತಾವೇ ಕಂಡುಕೊಳ್ಳುತ್ತಿದ್ದರು. ಹೀಗೆ ಮೇಷ್ಟ್ರಿಗೆ ಒಳ್ಳೆಯ ಹೆಸರು ಬಂದಿತ್ತು.

ಆ ಶನಿವಾರ ಬೆಳಿಗ್ಗೆ ಬಳಗದ ಅಧ್ಯಕ್ಷೆಯ ಫೋನು ಬಂತು. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರ 'ಹಲೋ' ಕೇಳಿದರೆ ಹಾಜರಿ ಕೂಗಿದಂತಾಗಿ ಮೇಷ್ಟ್ರು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು.

"ಇವತ್ತು ಪುಸ್ತಕಕ್ಕೆ ಕತೆ ಆರಿಸೋದು. ನೆನಪಿದೆಯಲ್ಲ?"

"ಇದೆ ಮೇಡಂ. ಮಕ್ಕಳೆಲ್ಲ ಬರೆದಿದ್ದಾರೆ."

"ನೀವು?"

ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

"ಸಮಿತೀಲಿ ಮಾತು ಬಂದಿದೆ," ಎಂದರು ಅಧ್ಯಕ್ಷೆ. "ಕಲಿಸೋರಿಗೆ ಬರೆಯೋಕೆ ಬರುತ್ತಾ ಅಂತ. ನಿಮ್ಮದೂ ಒಂದು ಕತೆ ಡಬ್ಬಿಗೆ ಬೀಳಲಿ. ಆಯ್ಕೆಯಾದ್ರೆ ಕೆಲಸ ಕಾಯಂ. ಆಗದಿದ್ರೆ ಬೇರೆಯವರನ್ನ ನೋಡ್ಕೋತೀವಿ. ನಾಲ್ಕು ಗಂಟೆಯೊಳಗೆ ಹಾಕಿ."

ಡಬ್ಬಿ ಎಂದರೆ ಹಳೆಯ ಬಿಸ್ಕತ್ತಿನ ಡಬ್ಬಿ. ಎಲ್ಲರೂ ಹೆಸರು ಬರೆಯದೆ ಅದರಲ್ಲಿ ಕತೆ ಹಾಕುವುದು, ಒಬ್ಬರದನ್ನು ಇನ್ನೊಬ್ಬರು ಗಟ್ಟಿಯಾಗಿ ಓದುವುದು, ಎಲ್ಲವನ್ನೂ ಓದಿ ಆರಿಸಿದ ಮೇಲಷ್ಟೇ ಬರೆದವರು ಎದ್ದು ನಿಲ್ಲುವುದು ಬಳಗದ ಪದ್ಧತಿ. ಎರಡು ನಿಯಮಗಳನ್ನು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಯಲಾಗಿತ್ತು. ಒಂದು, ನಡೆದದ್ದನ್ನೇ ಬರೆಯಬೇಕು. ಎರಡು, ಇದು ನನ್ನದು ಎನ್ನಬಾರದು. ತಪ್ಪಿದರೆ ಕತೆ ರದ್ದು. ಗೋಡೆಗೆ ಬರೆದವರು ಮೇಷ್ಟ್ರೇ. ಅವರಿಗೆ ಕಲಿಸುವ ಕೆಲಸ ಸಿಕ್ಕಿದ್ದೂ ಆ ಅಕ್ಷರದ ದೆಸೆಯಿಂದ.

ಮೇಷ್ಟ್ರು ಇದ್ದದ್ದು ಅಣ್ಣ ಅತ್ತಿಗೆಯ ಜೊತೆ, ಬಾಡಿಗೆ ಮನೆಯ ಮಹಡಿಯಲ್ಲಿ. ಪೆನ್ನಿಗಾಗಿ ಚೀಲ ತಡಕಿದರು. ಇದ್ದ ಪೆನ್ನುಗಳೆಲ್ಲ ಒಣಗಿದ್ದವು.

"ನನ್ನದು ತಗೋ," ಎಂದು ಅತ್ತಿಗೆ ಬೀರುವಿನಿಂದ ಶಾಯಿ ಪೆನ್ನು ತೆಗೆದು ಕೊಟ್ಟರು. "ಕಾಲೇಜಲ್ಲಿ ಭಾಷಣಕ್ಕೆ ಬಂದ ಬಹುಮಾನ. ನಿಮ್ಮಣ್ಣನಿಗೂ ಮುಟ್ಟೋಕೆ ಕೊಟ್ಟಿಲ್ಲ. ಸಂಜೆ ವಾಪಸ್ ಬರ್ಬೇಕು."

ನಡೆದದ್ದನ್ನೇ ಬರೆಯಬೇಕಲ್ಲ. ಮೇಷ್ಟ್ರು ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಕೆಳಗಿನ ಮನೆಯಲ್ಲಿದ್ದ ಓನರ ಕತೆ ಶುರು ಮಾಡಿದರು. ಮೇಲಿನವರು ತಲೆಗೆ ಸೋಪು ಹಚ್ಚಿಕೊಳ್ಳುವ ಹೊತ್ತು ನೋಡಿಕೊಂಡು ನೀರಿನ ಮೋಟರ್ ನಿಲ್ಲಿಸುವುದರಲ್ಲಿ ಅವರದು ಪಳಗಿದ ಕೈ. ಅರ್ಧ ಪುಟ ಸರಾಗವಾಗಿ ಬಂತು. ಅಷ್ಟರಲ್ಲಿ ಅತ್ತಿಗೆ ಹೆಗಲ ಮೇಲಿಂದ ಇಣುಕಿದರು.

"ಇದು ಅಚ್ಚಾಗುತ್ತಾ?"

"ಆಗ್ಬೇಕು ಅತ್ತಿಗೆ."

"ಆಗಲಿ. ಆಮೇಲೆ ಮನೆ ಹುಡುಕೋಕೆ ನೀನೇ ಹೋಗು."

ಮೇಷ್ಟ್ರು ಓನರನ್ನು ಹೊಡೆದು ಹಾಕಿದರು. ಬದಲಿಗೆ, ಒಂದು ಬೀರುವಿನ ವಿಷಯಕ್ಕೆ ಅಣ್ಣ ಅತ್ತಿಗೆ ವಾರಗಟ್ಟಲೆ ಮಾತು ಬಿಟ್ಟು, ನಡುವೆ ತಮ್ಮನ್ನು ಟಪಾಲಿನವನ ಹಾಗೆ ಓಡಾಡಿಸಿದ್ದನ್ನು ಬರೆದರು. ಅತ್ತಿಗೆ ಮತ್ತೆ ಇಣುಕಿದರು.

"ನನ್ನ ಪೆನ್ನಲ್ಲೇ ನನ್ನ ಬಗ್ಗೆ ಬರೀತೀಯಾ? ಕೊಡು ಇಲ್ಲಿ ಪೆನ್ನು."

ಮೇಷ್ಟ್ರು ಪೆನ್ನು, ಹಾಳೆ ಬಾಚಿಕೊಂಡು ಮೆಟ್ಟಿಲಿಳಿದರು.

ಕ್ಷೌರದಂಗಡಿಯ ಬೆಂಚು ಖಾಲಿಯಿತ್ತು. ಒಬ್ಬ ಗಿರಾಕಿಯ ಗುಟ್ಟನ್ನು ಇನ್ನೊಬ್ಬ ಗಿರಾಕಿಗೆ ಹೇಳುತ್ತಾ ತಲೆಗಿಂತ ಹೆಚ್ಚು ನಾಲಿಗೆಗೆ ಕೆಲಸ ಕೊಡುವ ಕ್ಷೌರಿಕ ಎದುರಿಗೇ ಇದ್ದ. ಇದಕ್ಕಿಂತ ಒಳ್ಳೆಯ ಕತೆ ಬೇಕೆ? ಮೇಷ್ಟ್ರು ಬರೆಯತೊಡಗಿದರು. ಕ್ಷೌರಿಕ ಕನ್ನಡಿಯಲ್ಲೇ ಓದಲು ನೋಡಿದ. ಅಕ್ಷರ ತಿರುಗುಮುರುಗಾಗಿ ಕಂಡದ್ದರಿಂದ ತಾಳ್ಮೆಗೆಟ್ಟು, ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ನೇರ ಬಂದು ಓದಿದ.

"ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಆ ಕಿವಿ ಕುಯ್ದ ವಿಷಯ ತೆಗೀರಿ."

"ನಡೆದದ್ದಲ್ವಾ?"

"ನಡೆದದ್ದೇ. ಅದಕ್ಕೇ ತೆಗೀರಿ ಅಂದೆ. ಬದಲಿಗೆ, ಕೈ ಅಂದ್ರೆ ಇವನ ಕೈ, ಬೆಣ್ಣೆ ಥರ ಅಂತ ಹಾಕಿ."

ಅರ್ಧ ಗಡ್ಡದವನು ಎದ್ದು ನಿಂತ. "ಯಾರ ಕಿವಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟವೆಲಿನ ಸಮೇತ ನಡೆದುಬಿಟ್ಟ.

"ನೋಡಿ, ಅಚ್ಚಾಗೋಕೆ ಮುಂಚೇನೇ ಒಬ್ಬ ಗಿರಾಕಿ ಹೋದ," ಎಂದ ಕ್ಷೌರಿಕ. "ಟವೆಲ್ಲೂ ಹೋಯ್ತು."

ಮೇಷ್ಟ್ರು ಕ್ಷೌರಿಕನನ್ನೂ ಹೊಡೆದು ಹಾಕಿದರು.

ಆ ಹೊತ್ತಿಗೆ ಓನರು ಬಾಗಿಲಲ್ಲಿ ನಿಂತಿದ್ದರು. ಅತ್ತಿಗೆ ಬಟ್ಟೆ ಒಣಗಿಸುತ್ತಾ ಪಕ್ಕದ ಮನೆಯವರಿಗೆ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು.

"ಕತೇಲಿ ನಾನಿದ್ದೀನಂತೆ?"

"ಇಲ್ಲ ಸರ್, ತೆಗೆದುಬಿಟ್ಟೆ," ಎಂದು ಮೇಷ್ಟ್ರು ಗೀಚಿದ ಹಾಳೆಯನ್ನು ಸಾಕ್ಷಿಯಾಗಿ ತೋರಿಸಿದರು.

ಓನರ ಮುಖ ಸಣ್ಣದಾಯಿತು. "ಯಾಕೆ ತೆಗೆದ್ರಿ? ಇಷ್ಟು ವರ್ಷದಿಂದ ಇದೇ ಬೀದೀಲಿದ್ದೀನಿ. ಒಂದು ಕತೇಲಿ ಇರೋಷ್ಟು ಯೋಗ್ಯತೆ ಇಲ್ವಾ ನನಗೆ?"

"ಹಾಗಲ್ಲ ಸರ್, ಅದು ಮೋಟರ್ ನಿಲ್ಲಿಸೋ ವಿಷಯ..."

"ನಿಲ್ಲಿಸ್ತೀನಿ! ನನ್ನ ಮೋಟರು, ನಿಲ್ಲಿಸ್ತೀನಿ! ಧೈರ್ಯವಾಗಿ ಬರೀರಿ! ಇವನನ್ನ ಹಾಕಿ ನನ್ನನ್ನ ಬಿಟ್ಟಿದ್ದೀರಾ?"

"ನನ್ನೂ ಬಿಟ್ರು," ಎಂದ ಕ್ಷೌರಿಕ. ಅವನ ದನಿಯಲ್ಲೂ ಈಗ ಬೇಸರವಿತ್ತು.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಎರಡು ಗುಂಪಾಗಿತ್ತು. ಕತೆಯಲ್ಲಿ ಸೇರಿಸಿದ್ದಕ್ಕೆ ಸಿಟ್ಟಾದವರದು ಒಂದು, ಬಿಟ್ಟಿದ್ದಕ್ಕೆ ಸಿಟ್ಟಾದವರದು ಇನ್ನೊಂದು. ಸಂಜೆಯ ಓದಿಗೆ ಬಂದು ಕಣ್ಣಾರೆ ನೋಡುವುದೆಂದು ಎರಡೂ ಗುಂಪು ತೀರ್ಮಾನಿಸಿದವು. ಮೇಷ್ಟ್ರು ಬಳಗದ ಮೆಟ್ಟಿಲ ಮೇಲೆ ಕೂತರು. ಒಂದೇ ಹಾಳೆ ಉಳಿದಿತ್ತು. ಯಾರ ಬಗ್ಗೆ ಬರೆದರೆ ಯಾರೂ ಕೇಳುವುದಿಲ್ಲ ಎಂದು ಯೋಚಿಸಿದರು. ಒಬ್ಬನೇ ಒಬ್ಬ ಹೊಳೆದ.

'ಒಬ್ಬ ಮೇಷ್ಟ್ರಿದ್ದ,' ಎಂದು ಬರೆದರು. 'ಅವನಿಗೆ ಬರೆಯಲು ಬರುತ್ತಿರಲಿಲ್ಲ.'

ಆಮೇಲೆ ಪೆನ್ನು ನಿಲ್ಲಲಿಲ್ಲ. ಏನು ಹೇಳಬೇಕೆಂದು ತೋಚದಿದ್ದಾಗ ಅವನು ಕಿಟಕಿಯ ಕಡೆ ನೋಡುತ್ತಿದ್ದದ್ದು, ಕಿಟಕಿಯಾಚೆ ಏನೂ ಇಲ್ಲದಿದ್ದದ್ದು, 'ಇನ್ನೊಂದ್ಸಲ ಓದಿ ನೋಡು' ಎಂದಾಗ ಹುಡುಗಿಯೊಬ್ಬಳು ನಿಜಕ್ಕೂ ಓದಿ, ತಿದ್ದಿ, ಥ್ಯಾಂಕ್ಸ್ ಸರ್ ಎಂದದ್ದು, ಆ ರಾತ್ರಿ ಅವನಿಗೆ ನಿದ್ದೆ ಬಾರದಿದ್ದದ್ದು. ಎಲ್ಲ ನಡೆದದ್ದೇ. ಒಂದಕ್ಷರವನ್ನೂ ಹೊಡೆದು ಹಾಕಲಿಲ್ಲ. ನಾಲ್ಕಕ್ಕೆ ಸರಿಯಾಗಿ ಕತೆ ಡಬ್ಬಿಗೆ ಬಿತ್ತು. ಮೊದಲ ಸಲ ಮೇಷ್ಟ್ರಿಗೆ ತಾನೂ ಒಬ್ಬ ಬರಹಗಾರ ಅನ್ನಿಸಿತು.

ಸಂಜೆ ಕೋಣೆ ಕಿಕ್ಕಿರಿದಿತ್ತು. ಎದುರಿಗೆ ಸಮಿತಿ, ನೆಲದ ಮೇಲೆ ಹುಡುಗರು, ಗೋಡೆಗೆ ಒರಗಿ ಓನರು ಮತ್ತು ಕ್ಷೌರಿಕ. ಮೇಷ್ಟ್ರ ಕತೆ ಓದಲು ಸಿಕ್ಕಿದ್ದು ರೇಡಿಯೊಗೆ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ನೋಡುವ ಆ ಹುಡುಗಿ ಮೆಲ್ಲಗೆ ಮಾತಾಡಿದರೂ ಬೀದಿಯ ಕೊನೆಗೆ ಕೇಳುತ್ತಿತ್ತು, ಆದ್ದರಿಂದ ಆ ಹೆಸರು. ಅವಳು ಓದಿದಳು. ಕಿಟಕಿಯ ಭಾಗ ಬಂದಾಗ ಹುಡುಗರು ಬಿದ್ದು ಬಿದ್ದು ನಕ್ಕರು. ನಿದ್ದೆಯ ಭಾಗ ಬಂದಾಗ ಯಾರೂ ನಗಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಪುಸ್ತಕದ ಮೊದಲ ಕತೆ ಇದೇ," ಎಂದರು. ಸಮಿತಿ ತಲೆಯಾಡಿಸಿತು. ಮೇಷ್ಟ್ರು ಅಂಗಿಯ ಕಾಲರ್ ಸರಿಮಾಡಿಕೊಂಡರು. ಕೆಲಸ ಕಾಯಂ!

"ಮಕ್ಕಳು ಎಷ್ಟು ಸೂಕ್ಷ್ಮವಾಗಿ ಗಮನಿಸ್ತಾರೆ ನೋಡಿ," ಎಂದು ಅಧ್ಯಕ್ಷೆ ಮುಂದುವರಿಸಿದರು. "ಎರಡು ವರ್ಷ ನಮಗೆ ಗೊತ್ತಾಗಲಿಲ್ಲ. ಮೇಷ್ಟ್ರೇ, ನಾಳೆಯಿಂದ ನೀವು ಬರೋದು ಬೇಡ."

"ಮೇಡಂ!" ಮೇಷ್ಟ್ರು ಜಿಗಿದೆದ್ದರು. "ಅದು ನನ್ನದು! ಆ ಕತೆ ನಾನೇ ಬರೆದದ್ದು!"

ಅಧ್ಯಕ್ಷೆ ಕನ್ನಡಕ ಹಾಕಿಕೊಂಡರು. "ಇದರಲ್ಲಿರೋದು ನಿಜಾನಾ?"

"ನಿಜ ಮೇಡಂ. ಒಂದೊಂದು ಅಕ್ಷರವೂ ನಿಜ."

"ಹಾಗಾದ್ರೆ ನಿಮಗೆ ಬರೆಯೋಕೆ ಬರೋಲ್ಲ. ಬರದೆ ಹೇಗೆ ಬರೆದ್ರಿ?"

"ಇಲ್ಲ ಮೇಡಂ, ಬರುತ್ತೆ, ಇವತ್ತು ಬಂತು..."

"ಬರೋದಾದ್ರೆ ಕತೆ ಸುಳ್ಳು. ಒಂದನೇ ನಿಯಮ."

ಮೇಷ್ಟ್ರು ರೇಡಿಯೊ ಹಿಡಿದಿದ್ದ ಹಾಳೆಯತ್ತ ಕೈ ಮಾಡಿದರು. "ಅಕ್ಷರ ನೋಡಿ ಮೇಡಂ! ನನ್ನದೇ ಅಕ್ಷರ!"

ಅಧ್ಯಕ್ಷೆ ಡಬ್ಬಿಯಲ್ಲಿದ್ದ ಕತೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಎಲ್ಲವೂ ಅಚ್ಚಿಗೆ ಹಾಕಿದಂತೆ ಒಂದೇ ದುಂಡಗಿನ ಅಕ್ಷರ.

"ಇಲ್ಲಿ ಎಲ್ಲರದ್ದೂ ಹೀಗೇ ಇದೆ. ನೀವು ಕಲಿಸಿದ್ದು ಇದೊಂದೇ ಅಂತ ಕಾಣುತ್ತೆ."

ಮೇಷ್ಟ್ರು ಗೋಡೆಯ ಕಡೆ ತಿರುಗಿದರು. "ಬೇಕಾದ್ರೆ ಇವರನ್ನ ಕೇಳಿ. ಬೆಳಿಗ್ಗೆಯಿಂದ ನಾನು ಬರೆಯೋದನ್ನ ಇವರು ನೋಡಿದ್ದಾರೆ."

ಕ್ಷೌರಿಕ ಪ್ರಾಮಾಣಿಕವಾಗಿ ಯೋಚಿಸಿದ. "ಸುಳ್ಳು ಯಾಕೆ ಹೇಳಲಿ ಮೇಡಂ. ಹೊಡೆದು ಹಾಕಿದ್ದು ನೋಡಿದ್ದೀನಿ. ಬರೆದು ಮುಗಿಸಿದ್ದು ನೋಡಿಲ್ಲ."

"ನನ್ನನ್ನೂ ಹೊಡೆದು ಹಾಕಿದ್ರು," ಎಂದರು ಓನರು.

"ಇನ್ನೂ ಹತ್ತು ಕತೆ ಓದೋದು ಬಾಕಿ ಇದೆ," ಎಂದರು ಅಧ್ಯಕ್ಷೆ. "ಅಷ್ಟರಲ್ಲಿ ಎದ್ದು ನನ್ನದು ಅಂದಿದ್ದೀರಿ. ಬರೆದವರು ಯಾರೇ ಆಗಿರಲಿ, ಎರಡನೇ ನಿಯಮದ ಪ್ರಕಾರ ಕತೆ ರದ್ದು. ಹೊಡೆದು ಹಾಕಮ್ಮ."

ರೇಡಿಯೊ ಕೈ ಚಾಚಿದಳು. ಅಭ್ಯಾಸಬಲದಿಂದ ಮೇಷ್ಟ್ರು ತಮ್ಮ ಜೇಬಿನ ಪೆನ್ನನ್ನೇ ತೆಗೆದು ಕೊಟ್ಟರು. ಅವಳು ಕತೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಗೆರೆ ನೇರವಾಗಿತ್ತು.

"ಬೇರೆಯವರು ಸಿಗೋವರೆಗೂ ನೀನೇ ನೋಡ್ಕೊಳ್ಳಮ್ಮ," ಎಂದರು ಅಧ್ಯಕ್ಷೆ. "ಓದೋಕಾದ್ರೂ ಬರುತ್ತೆ ನಿನಗೆ."

ಸಭೆ ಮುಗಿದು ಜನ ಇಳಿದರು. ಮೇಷ್ಟ್ರು ಬಾಗಿಲ ಹತ್ತಿರ ನಿಂತೇ ಇದ್ದರು. ರೇಡಿಯೊ ಕುರ್ಚಿ ಜೋಡಿಸುತ್ತಿದ್ದಳು. ಪೆನ್ನು ಅವಳ ಜಡೆಯಲ್ಲಿ ಸಿಕ್ಕಿಕೊಂಡಿತ್ತು.

"ರೇಡಿಯೊ, ಆ ಪೆನ್ನು... ಅದು ನನ್ನದು."

ರೇಡಿಯೊ ಒಮ್ಮೆ ಕಿಟಕಿಯ ಕಡೆ ನೋಡಿದಳು. ಆಮೇಲೆ ಗೋಡೆಯ ಮೇಲಿನ ನೀಲಿ ಅಕ್ಷರಗಳತ್ತ ಬೆರಳು ತೋರಿಸಿದಳು.

"ಇನ್ನೊಂದ್ಸಲ ಓದಿ ನೋಡಿ ಸರ್."

ಮೇಷ್ಟ್ರು ಓದಿದರು. ತಪ್ಪನ್ನು ತಾವೇ ಕಂಡುಕೊಂಡರು. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದರು.

ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದರು.

ಆ ದಿನ ಒಟ್ಟು ಹೋದದ್ದು ಒಂದು ಕೆಲಸ, ಒಂದು ಕತೆ, ಒಂದು ಪೆನ್ನು, ಒಂದು ಟವೆಲು. ಟವೆಲು ಕ್ಷೌರಿಕನದು.