ಕಾಂಡೋಮಿನ ಮಾತಿಗೆ ಅವರೆಕಾಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ಮಾತನ್ನು ಬಾಯಿಬಿಟ್ಟು ಆಡಿ ಎಂದು ನಾನು ಊರಿಗೆಲ್ಲ ಹೇಳಿಕೊಡುತ್ತೇನೋ, ಆ ಮಾತನ್ನು ನಮ್ಮ ಮನೆಯಲ್ಲಿ ಆಡಲು ನನಗೆ ಬರುವುದಿಲ್ಲ. ಯಾದವಗಿರಿಯ ಒಂದು ಹಳೆಯ ಬಂಗಲೆಯ ಹೊರಕೋಣೆಯಲ್ಲಿ ನನ್ನ ಕ್ಲಿನಿಕ್ಕು. ಬಾಗಿಲ ಮೇಲೆ ‘ಲೈಂಗಿಕ ಸಮಸ್ಯೆಗಳಿಗೆ ಆಪ್ತಸಲಹೆ’ ಎಂಬ ಬೋರ್ಡಿದೆ. ಆದರೆ ನನ್ನಲ್ಲಿಗೆ ಬರುವವರು ಯಾರೂ ಆ ಬೋರ್ಡಿನ ಕೆಳಗೆ ನಿಲ್ಲುವುದಿಲ್ಲ. ಪಕ್ಕದ ಹಲ್ಲಿನ ಡಾಕ್ಟರ ಬೋರ್ಡಿನ ಮುಂದೆ ಕೆನ್ನೆ ಹಿಡಿದುಕೊಂಡು ನಿಂತಿದ್ದು, ರಸ್ತೆ ಖಾಲಿಯಾದ ತಕ್ಷಣ ನನ್ನ ಬಾಗಿಲಿಗೆ ನುಗ್ಗುತ್ತಾರೆ. ಹಲ್ಲಿನ ಡಾಕ್ಟರಿಗೆ ಇದು ಎಷ್ಟು ಅಭ್ಯಾಸವಾಗಿದೆಯೆಂದರೆ, ನಿಜವಾಗಿ ದವಡೆ ಊದಿಸಿಕೊಂಡು ಬಂದವರನ್ನೂ ಅವರು ಒಮ್ಮೊಮ್ಮೆ ನನ್ನ ಕಡೆಗೇ ಕೈ ತೋರಿಸಿ ಕಳಿಸಿಬಿಡುತ್ತಾರೆ.

ಒಳಗೆ ಬಂದವರ ಮುಂದೆ ನನಗೆ ಯಾವ ಸಂಕೋಚವೂ ಇಲ್ಲ. ಕಾಂಡೋಮ್, ಕಾಪರ್-ಟಿ, ಮಾತ್ರೆ, ಗಂಡಸರ ಆಪರೇಷನ್, ಸಿಫಿಲಿಸ್, ಎಚ್‌ಐವಿ ಎಲ್ಲವನ್ನೂ ತರಕಾರಿಯ ಹೆಸರು ಹೇಳಿದಷ್ಟೇ ಸಲೀಸಾಗಿ ಹೇಳುತ್ತೇನೆ. ಕಾಂಡೋಮ್ ಹಾಕುವ ರೀತಿ ತೋರಿಸಲು ಪಚ್ಚಬಾಳೆ ಇಟ್ಟುಕೊಂಡಿದ್ದೇನೆ. ರಸಬಾಳೆಯನ್ನು ಇಂಥ ಕೆಲಸಕ್ಕೆ ಬಳಸಲು, ಎಷ್ಟಾದರೂ ಮೈಸೂರಿನವಳು, ನನಗೆ ಮನಸ್ಸು ಬರುವುದಿಲ್ಲ. ನಮ್ಮವರು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹೆಂಡತಿ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ‘ಕೌನ್ಸೆಲಿಂಗು’ ಎನ್ನುತ್ತಾರೆ. ಯಾವುದರ ಕೌನ್ಸೆಲಿಂಗು ಎಂದು ಮುಂದುವರಿಸಿದರೆ ‘ಜನರಲ್’ ಎಂದು ಹೇಳಿ ಹವಾಮಾನದ ಮಾತು ತೆಗೆಯುತ್ತಾರೆ. ನನ್ನ ಚೀಲದಲ್ಲಿ ಪಚ್ಚಬಾಳೆ ನೋಡಿದ ದಿನದಿಂದ ಆ ಹಣ್ಣು ತಿನ್ನುವುದನ್ನೂ ಬಿಟ್ಟಿದ್ದಾರೆ.

ಮೂರು ವರ್ಷದ ಹಿಂದೆ ಅಂಗಳದ ದೊಡ್ಡ ಹೂಕುಂಡವನ್ನು ಒಬ್ಬರೇ ಎತ್ತಲು ಹೋಗಿ ಅವರು ಬೆನ್ನು ಹಿಡಿಸಿಕೊಂಡರು. ಹದಿನೈದು ದಿನ ಗಟ್ಟಿ ಹಲಗೆಯ ಮೇಲೆ ಮಲಗಿ ಎಂದರು ಡಾಕ್ಟರು. ಹಲಗೆಯ ಮಂಚ ಇದ್ದದ್ದು ಮುಂದಿನ ಕೋಣೆಯಲ್ಲಿ. ಮೊದಲು ಅವರು ಹೋದರು. ವಾರದಲ್ಲಿ ಅವರ ಓದುವ ಕನ್ನಡಕ ಹೋಯಿತು, ಆಮೇಲೆ ರೇಡಿಯೋ, ಆಮೇಲೆ ಟೇಬಲ್ ಫ್ಯಾನು. ಕೊನೆಗೆ ಒಂದು ಬೆಳಗ್ಗೆ ಅವರ ದಿಂಬು ಕೂಡ ನನ್ನ ಮಂಚದ ಮೇಲಿರಲಿಲ್ಲ. ಹದಿನೈದು ದಿನ ಮುಗಿಯಿತು, ದಸರಾ ಬಂತು, ಹೋಯಿತು, ಮತ್ತೆ ಬಂತು. ಅವರು ಬರಲಿಲ್ಲ. ಮಂಚದ ಆ ಕಡೆಯ ಅರ್ಧ ಬರಿದಾಗಿ ಕಾಣುವುದನ್ನು ತಡೆಯಲಾರದೆ ನಾನು ಅಲ್ಲಿ ಇಸ್ತ್ರಿ ಬಟ್ಟೆ ಜೋಡಿಸತೊಡಗಿದೆ. ಮೂರು ವರ್ಷದಿಂದ ನನ್ನ ಪಕ್ಕದಲ್ಲಿ ಕಾಟನ್ ಸೀರೆಗಳು ಮಲಗುತ್ತಿವೆ.

ನನಗೆ ಅವರು ಬೇಕು. ಬರೆಯಲು ಎಷ್ಟು ಸುಲಭ ನೋಡಿ! ಕನ್ನಡಕ ಮಡಿಸಿಡುವಾಗ ಆಗುವ ಟಿಕ್ ಎಂಬ ಸದ್ದು ಬೇಕು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ ಬೇಕು. ಚಳಿಗಾಲದಲ್ಲಿ ತಣ್ಣಗೆ ಕೊರೆಯುವ ಪಾದಗಳನ್ನು ನನ್ನ ಕಾಲಿಗೆ ಒತ್ತಿ, ನನ್ನಿಂದ ಬಯ್ಯಿಸಿಕೊಂಡು, ಮತ್ತೆ ಒತ್ತುತ್ತಿದ್ದ ಅವರ ಹಟ ಬೇಕು. ಕ್ಲಿನಿಕ್ಕಿನಲ್ಲಿ ಯಾರಾದರೂ ಇಂಥದ್ದನ್ನು ಹೇಳಲು ತಡವರಿಸಿದರೆ ನಾನೇ ಪದ ಹುಡುಕಿಕೊಡುತ್ತೇನೆ. ಮನೆಯಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: ‘ರೀ, ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡ್ಲಾ?’

ಇರಲಿ, ಅವರೆಕಾಳಿನ ವಿಷಯಕ್ಕೆ ಬರುತ್ತೇನೆ. ಕ್ಲಿನಿಕ್ಕು ತೆರೆದ ಹೊಸದರಲ್ಲಿ ಗಂಡಹೆಂಡಿರನ್ನು ಎದುರು ಬದುರು ಕೂರಿಸಿ, ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಮಾತಾಡಿ ಎನ್ನುತ್ತಿದ್ದೆ. ಅವರು ನನ್ನ ಗೋಡೆ ಗಡಿಯಾರವನ್ನು ನೋಡುತ್ತಿದ್ದರು. ಆಗ ನೆನಪಾದದ್ದು ನಮ್ಮಮ್ಮನ ಅಡುಗೆಮನೆ. ಚಳಿಗಾಲದಲ್ಲಿ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲ ನೆನೆಸಿದ ಅವರೆಕಾಳಿನ ಸುತ್ತ ಕೂತು ಸಿಪ್ಪೆ ಹಿತುಕುವಾಗ ಎಂಥೆಂಥ ಮಾತು ಬರುತ್ತಿತ್ತು! ವರ್ಷವಿಡೀ ಬಾಯಿಗೆ ಬಾರದ್ದೆಲ್ಲ ಆ ಒಂದು ಗಂಟೆಯಲ್ಲಿ ಬರುತ್ತಿತ್ತು. ಸ್ವಾರಸ್ಯದ ಘಟ್ಟಕ್ಕೆ ಬಂದಾಗಲೆಲ್ಲ ‘ಹೋಗೇ, ಹಾಲು ಉಕ್ಕಿತೇನೋ ನೋಡು’ ಎಂದು ನನ್ನನ್ನು ಎಬ್ಬಿಸಿ ಕಳಿಸುತ್ತಿದ್ದರು. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ.

ಅಂದಿನಿಂದ ನನ್ನ ಮೇಜಿನ ಮೇಲೆ ಬೋಗುಣಿ ಬಂತು. ಕೈ ತೊಳೆದು ಬನ್ನಿ, ಇಬ್ಬರೂ ಕಾಳು ಹಿತುಕುತ್ತ ಕೂತಿರಿ, ಮಾತು ಬಂದರೆ ಆಡಿ ಎನ್ನುತ್ತೇನೆ. ಸೀಸನ್ ಇಲ್ಲದಾಗ ಬೆಳ್ಳುಳ್ಳಿ. ಒಮ್ಮೆ ಸಾಂಬಾರ್ ಈರುಳ್ಳಿ ಇಟ್ಟು ನೋಡಿದೆ. ಮೂವರೂ ಅಳತೊಡಗಿದೆವು, ಯಾರ ಅಳು ಯಾವುದಕ್ಕೆ ಎಂದು ತಿಳಿಯದೆ ಆ ಪ್ರಯೋಗ ಕೈಬಿಟ್ಟೆ. ಈ ಪದ್ಧತಿಯಲ್ಲೊಂದು ಅಳತೆಗೋಲೂ ಇದೆ. ನಿಜವಾದ ಮಾತು ಶುರುವಾದ ಕೂಡಲೇ ಕೈ ನಿಂತುಬಿಡುತ್ತದೆ. ಕಾಳು ಅರ್ಧಕ್ಕೆ ಉಳಿದರೆ ಕಡತದಲ್ಲಿ ‘ಪ್ರಗತಿ ಇದೆ’ ಎಂದು ಬರೆಯುತ್ತೇನೆ. ಅಷ್ಟನ್ನೂ ಹಿತುಕಿ ಮುಗಿಸಿದರೆ ಚಿಕಿತ್ಸೆ ಸೋತಂತೆ. ಹಿತುಕಿದ ಬೇಳೆಯನ್ನು ಮನೆಗೆ ಒಯ್ದು ಸಾರು ಮಾಡುತ್ತೇನೆ. ಹಾಗಾಗಿ ನಮ್ಮ ಮನೆಯಲ್ಲಿ ಸಾರು ಸಮೃದ್ಧವಾಗಿದ್ದ ದಿನವೆಲ್ಲ ನಾನು ಕೆಲಸದಲ್ಲಿ ಸೋತು ಬಂದಿರುತ್ತೇನೆ. ನಮ್ಮವರು ಎರಡು ಸಲ ಬಡಿಸಿಕೊಂಡು ‘ಇವತ್ತು ಚೆನ್ನಾಗಿದೆ ಕಣೇ’ ಎನ್ನುತ್ತಾರೆ.

ಈ ವರ್ಷ ಅವರೆಯ ಸೀಸನ್ನು ಶುರುವಾಗುವ ಹೊತ್ತಿಗೆ ಕುಂಬಾರಕೊಪ್ಪಲಿನಿಂದ ರತ್ನಮ್ಮ ಮತ್ತು ಮಾದೇವಣ್ಣ ಬಂದರು. ಒಪ್ಪಿಗೆ ಪಡೆದು, ಹೆಸರು ಬದಲಿಸಿ ಬರೆಯುತ್ತಿದ್ದೇನೆ. ಬದಲಿಸುವುದೇ ಬೇಡ, ನಾಕು ಜನಕ್ಕೆ ಗೊತ್ತಾಗಲಿ ಎಂದು ರತ್ನಮ್ಮ ಹಟ ಹಿಡಿದಿದ್ದರು. ಆಕೆಗೆ ನಲವತ್ತೇಳು, ಊದಿನಕಡ್ಡಿ ಕಾರ್ಖಾನೆಯಲ್ಲಿ ಕೆಲಸ, ಗಂಡ ತೀರಿಕೊಂಡು ಎಂಟು ವರ್ಷ. ಆತನಿಗೆ ಐವತ್ತಾರು, ಲಾರಿ ಓಡಿಸಿ ಬಿಟ್ಟವರು, ಮೊದಲ ಹೆಂಡತಿ ಇಲ್ಲ. ಇಬ್ಬರೂ ತಂತಮ್ಮ ಮಕ್ಕಳನ್ನು ಒಪ್ಪಿಸಿ ನಾಲ್ಕು ತಿಂಗಳ ಹಿಂದೆ ಮದುವೆಯಾಗಿದ್ದರು. ಅವರು ಒಳಗೆ ಬಂದದ್ದೇ ನಾನು ಮೇಜಿನ ಮೇಲಿದ್ದ ಬಾಳೆಹಣ್ಣು, ಗರ್ಭನಿರೋಧಕಗಳ ಚಾರ್ಟು ಎಲ್ಲವನ್ನೂ ಎತ್ತಿ ಬೀರುವಿನೊಳಗಿಟ್ಟೆ. ಈ ವಯಸ್ಸಿನವರಿಗೆ ಅದೆಲ್ಲ ಯಾಕೆ ಎಂದುಕೊಂಡೆ. ಬೋಗುಣಿ ಮುಂದಿಟ್ಟು, ಸಾಂಗತ್ಯದ ಮೇಲೆ ಒಂದು ಭಾಷಣ ಮಾಡಿದೆ. ಜೊತೆಯಲ್ಲಿ ಕಾಫಿ ಕುಡಿಯಿರಿ, ಸಂಜೆ ವಾಕಿಂಗ್ ಹೋಗಿ, ಕೈ ಹಿಡಿದು ಕೂತುಕೊಳ್ಳಿ ಎಂದೆ. ಹೇಳುತ್ತ ಹೇಳುತ್ತ ನನಗೇ ಕಣ್ಣು ಒದ್ದೆಯಾಯಿತು.

ರತ್ನಮ್ಮ ಹಿತುಕುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದರು. ಆಮೇಲೆ, ‘ಕಾಫಿ ಕುಡೀತೀವಿ ಮೇಡಂ, ವಾಕಿಂಗೂ ಆಯ್ತದೆ. ನಾವು ಒಳಕ್ ಬರ್ತಿದ್ದಂಗೆ ಆ ಚಾರ್ಟು ಯಾಕ್ ಎತ್ತಿಟ್ಬುಟ್ರಿ? ಚಿಕ್ಕ ವಯಸ್ನೋರಿಗೆ ಅದು, ನಮಗೆ ಬರೀ ವಾಕಿಂಗಾ?’ ಎಂದರು.

ನಾನು ಬೀರುವಿನ ಕಡೆ ನೋಡಿದೆ.

‘ನಂಗಿನ್ನೂ ಮುಟ್ಟು ನಿಂತಿಲ್ಲ ಕಣವ್ವ. ಒಂದ್ ತಿಂಗ್ಳು ಆಯ್ತದೆ, ಎರಡ್ ತಿಂಗ್ಳು ಇಲ್ಲ. ನಮ್ಮ ಮಗಳು ಈಗ ಬಸುರಿ. ನಾನೂ ಆಗ್ಬುಟ್ರೆ ಯಾರ್ ಬಾಣಂತನ ಯಾರ್ ಮಾಡೋದು? ಕಾಂಡಮ್ಮು ಬೇಕಾ, ಬ್ಯಾಡ್ವಾ, ಅದ್ ಏಳಿ ಮೊದ್ಲು.’ ಇಷ್ಟು ಹೇಳಿ, ದನಿ ತಗ್ಗಿಸಿ, ‘ಅಂಗಂತ ಅದ್ರ ಅವಸ್ರಾನೂ ಬಂದಿಲ್ಲ ಬುಡಿ. ಇವ್ರು ಮದ್ವೆ ಆದಾಗಿಂದ ಜಗಲಿ ಮೇಲೇ ಮಲೀಕತಾರೆ. ಹತ್ರಾನೇ ಬರಲ್ಲ. ನಾನ್ ಕಾಣಕ್ಕೆ ಅಷ್ಟು ಕೆಟ್ಟದಾಗಿದ್ದೀನಾ ಏಳಿ’ ಎಂದರು.

ಮಾದೇವಣ್ಣನ ಕೈ ನಿಂತಿತು. ಅವರ ಬೆರಳಿನಲ್ಲಿದ್ದ ಕಾಳು ಹಾರಿ ನನ್ನ ಕಡತದ ಮೇಲೆ ಬಿತ್ತು. ಬೋಗುಣಿಯನ್ನೇ ನೋಡುತ್ತ, ‘ಕೆಟ್ಟದಾಗಿರೋದು ನೀನಲ್ಲ ಕಣಮ್ಮಿ’ ಎಂದರು. ‘ಇಪ್ಪತ್ತು ವರ್ಷ ಲಾರಿ ಓಡ್ಸಿದ್ದೀನಿ ಮೇಡಂ. ಆವಾಗ ಎಲ್ಲೆಲ್ಲೋ ಓಗಿದ್ದೀನಿ, ಸುಳ್ಳ್ಯಾಕೆ. ಮೈಯಾಗೆ ಏನ್ ಸೇರ್ಕೊಂಡದೋ ಏನೋ. ಇವಳ್ಗೆ ಅಂಟುಸ್ಬುಟ್ರೆ ಏನ್ ಗತಿ? ಅದ್ಕೇ ಜಗಲಿ ಮೇಲೆ ಮಲೀಕತೀನಿ. ನಿದ್ದೆ ಎಲ್ ಬತ್ತದೆ? ಒಳಗೆ ಇವಳ ಬಳೆ ಸದ್ದು ಕೇಳ್ಕೊಂಡು ಬಿದ್ದಿರ್ತೀನಿ.’

‘ಇದನ್ನ ಮೊದ್ಲೇ ಏಳಕ್ಕೆ ನಿಂಗೇನಾಗಿತ್ತು!’ ಎಂದು ರತ್ನಮ್ಮ ಕೂಗಿಯೇಬಿಟ್ಟರು. ‘ನಾಕ್ ತಿಂಗ್ಳು ಕನ್ನಡಿ ನೋಡ್ಕೊಂಡು ಅತ್ತಿದ್ದೀನಲ್ಲೋ!’

ಆಮೇಲೆ ಆಕೆ ಅವರ ಸಿಪ್ಪೆ ಅಂಟಿದ ಕೈಯನ್ನು ತಮ್ಮ ಸಿಪ್ಪೆ ಅಂಟಿದ ಕೈಯಲ್ಲಿ ಹಿಡಿದುಕೊಂಡರು. ನಾನು ತೆಪ್ಪಗೆ ಎದ್ದು ಬೀರು ತೆರೆದು ಚಾರ್ಟು, ಬಾಳೆಹಣ್ಣು ಎರಡನ್ನೂ ಹೊರತೆಗೆದೆ. ರಕ್ತಪರೀಕ್ಷೆ ಇಬ್ಬರಿಗೂ ಬೇಕು, ಏನಾದರೂ ಸಿಕ್ಕಿದರೂ ಔಷಧಿ ಇದೆ, ವರದಿ ಬಂದು ಚಿಕಿತ್ಸೆ ಮುಗಿಯುವವರೆಗೆ ಕಾಯಿರಿ, ಮುಟ್ಟು ಏರುಪೇರಾದರೂ ಬಸಿರು ನಿಲ್ಲಬಹುದು, ಆದ್ದರಿಂದ ಆಮೇಲೂ ಕಾಂಡೋಮ್ ಬಿಡಬೇಡಿ ಎಂದು ಒಂದೊಂದಾಗಿ ಹೇಳಿದೆ. ಮಾದೇವಣ್ಣ ಲಾರಿಯ ಎಂಜಿನ್ ನೋಡುವ ಗಮನದಲ್ಲಿ ಬಾಳೆಹಣ್ಣು ನೋಡಿದರು. ಬೋಗುಣಿಯಲ್ಲಿ ಕಾಳು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅಂದು ನಮ್ಮ ಮನೆಯಲ್ಲಿ ಸಾರು ನೀರಾಗಿತ್ತು.

ರತ್ನಮ್ಮನ ವರದಿಯಲ್ಲಿ ಏನೂ ಇರಲಿಲ್ಲ. ಮಾದೇವಣ್ಣನಿಗೆ ಹಳೆಯ ಸಿಫಿಲಿಸ್ ಇತ್ತು. ಡಾಕ್ಟರು ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಕೊಟ್ಟರು. ಘಾಟಿಗಳಲ್ಲಿ ಲಾರಿ ಇಳಿಸಿದ ಮನುಷ್ಯ ಸೂಜಿಗೆ ಹೆದರಿ ಮೂರು ಸಲವೂ ಹೆಂಡತಿಯ ಸೆರಗು ಹಿಡಿದುಕೊಂಡರಂತೆ. ಎಲ್ಲ ಮುಗಿದು, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಇಬ್ಬರೂ ನನ್ನಲ್ಲಿಗೆ ಬಂದರು. ಜಗಲಿಯ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದೆವು ಎಂದು ಮಾದೇವಣ್ಣ ನಾಚಿಕೊಂಡು ಹೇಳಿದರು. ರತ್ನಮ್ಮ ಒಂದು ಚೀಲ ಅವರೆಕಾಯಿ ತಂದಿದ್ದರು. ‘ಇದು ನಿಮ್ ಆಫೀಸ್ಗಲ್ಲ ಮೇಡಂ, ಮನೆಗೆ. ನೀವೂ ನಿಮ್ ಯಜಮಾನ್ರೂ ಕೂತ್ಕೊಂಡು ಹಿತುಕಿ’ ಎಂದರು. ಆಕೆಗೆ ನನ್ನ ಮನೆಯ ವಿಷಯ ಏನೂ ಗೊತ್ತಿರಲಿಲ್ಲ. ಆದರೂ ನನ್ನ ಮುಖ ಬಿಸಿಯಾಯಿತು.

ಶನಿವಾರ ಕಾಳು ಬಿಡಿಸಿ ನೆನೆಹಾಕಿದೆ. ಭಾನುವಾರ ಬೆಳಗ್ಗೆ ಹೊರಗಿನ ಬಿಸಿಲಿನಲ್ಲಿ ಪೇಪರ್ ಓದುತ್ತಿದ್ದ ನಮ್ಮವರ ಮುಂದೆ ಬೋಗುಣಿ ಇಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು.

‘ಏನಿವತ್ತು, ನಿನ್ನ ಪೇಷಂಟುಗಳು ಹಿತುಕಲಿಲ್ವೇ?’

‘ನಿಮಗೆ ಗೊತ್ತಾ?’

‘ಎರಡು ವರ್ಷದ ಹಿಂದೆ ನೀನು ಮರೆತ ಛತ್ರಿ ಕೊಡೋಕೆ ಬಂದಿದ್ದೆನಲ್ಲ. ನಿನ್ನ ರೂಮಿಂದ ಒಬ್ಬ ಕಣ್ಣೊರೆಸಿಕೊಂಡು ಹೊರಗೆ ಬಂದ. ಮೀಸೆ ಮೇಲೆ ಅವರೆಸಿಪ್ಪೆ ಅಂಟಿತ್ತು. ನನ್ನ ಮುಂದೆ ಯಾವಾಗ ಬೋಗುಣಿ ಇಡ್ತೀಯೋ ಅಂತ ಅವತ್ತಿಂದ ಕಾಯ್ತಾ ಇದೀನಿ.’ ಎಂದವರೇ ಪೇಪರ್ ಮಡಿಸಿಟ್ಟು ಕೈ ತೊಳೆಯಲು ಎದ್ದರು.

ನಾವಿಬ್ಬರೂ ಹಿತುಕತೊಡಗಿದೆವು. ಕ್ಲಿನಿಕ್ಕಿನಲ್ಲಿ ಇಂಥ ಹೊತ್ತಿನಲ್ಲಿ ಕೇಳಲು ನನ್ನ ಬಳಿ ಎಷ್ಟೊಂದು ಒಳ್ಳೆಯ ಪ್ರಶ್ನೆಗಳಿವೆ! ಅವುಗಳಲ್ಲಿ ಒಂದೂ ನೆನಪಾಗಲಿಲ್ಲ. ‘ಬೆನ್ನು ಹೇಗಿದೆ?’ ಎಂದೆ.

‘ಯಾವ ಬೆನ್ನು?’

‘ನಿಮ್ಮದೇ ರೀ, ಇನ್ಯಾರದು!’

‘ಅದು ವಾಸಿಯಾಗಿ ಎರಡೂವರೆ ವರ್ಷ ಆಯ್ತಲ್ಲೇ.’

‘ಮತ್ತೆ ಯಾಕೆ ಬರಲಿಲ್ಲ?’ ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು.

ಅವರು ಒಂದು ಕಾಳನ್ನು ಬೆರಳುಗಳ ನಡುವೆ ಹೊರಳಿಸಿದರು. ‘ಬಂದಿದ್ದೆ. ದಿಂಬು ಎತ್ಕೊಂಡೇ ಬಂದಿದ್ದೆ. ನೋಡಿದ್ರೆ ನನ್ನ ಜಾಗದಲ್ಲಿ ಬಟ್ಟೆ ಜೋಡಿಸಿದ್ದೆ ನೀನು. ಇನ್ನು ಬೇಡ ಅನ್ನಿಸಿರಬೇಕು ನಿನಗೆ ಅಂದ್ಕೊಂಡು ವಾಪಸ್ ಹೋದೆ. ನೀನು ಇದೇ ವಿಷಯ ಓದಿಕೊಂಡವಳು. ಬೇಕಾದ್ರೆ ನೀನೇ ಹೇಳ್ತೀಯ ಅಂತ ಇದ್ದೆ.’

ಬೇರೆ ಯಾರಾದರೂ ನನ್ನ ಮೇಜಿನ ಮುಂದೆ ಇಂಥ ಮಾತಾಡಿದ್ದರೆ ನಾನು ಏನೇನು ಹೇಳುತ್ತಿದ್ದೆನೋ. ಬಟ್ಟೆ ಜೋಡಿಸಿದ್ದು ನೀವಿಲ್ಲದ ಜಾಗವನ್ನು ನೋಡಲಾರದೆ ಎಂದು ಹೇಳಬೇಕಿತ್ತು. ನನ್ನ ಬಾಯಿಂದ ಹೊರಟದ್ದು ಇಷ್ಟೇ: ‘ಬಟ್ಟೆ ಬೀರುವಿನಲ್ಲಿಡ್ತೀನಿ.’

‘ಬೀರುವಿನಲ್ಲಿ ಜಾಗ ಇದೆಯೇ?’ ಎಂದರು ಗಣಿತದ ಮೇಷ್ಟ್ರು.

‘ಮಾಡ್ತೀನಿ ರೀ’ ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಈರುಳ್ಳಿಯ ಮೇಲೆ ಹೊರಿಸೋಣವೆಂದರೆ ಈರುಳ್ಳಿಯೂ ಇರಲಿಲ್ಲ. ಅವರು ಎದ್ದು ಒಳಗೆ ಹೋದರು. ಕರವಸ್ತ್ರ ತರಲು ಹೋದರೇನೋ ಎಂದುಕೊಂಡೆ. ನೋಡಿದರೆ ಮುಂದಿನ ಕೋಣೆಯಿಂದ ಟೇಬಲ್ ಫ್ಯಾನು ಎತ್ತಿಕೊಂಡು ಬರುತ್ತಿದ್ದರು. ಜನವರಿಯ ಚಳಿಯಲ್ಲಿ ಅದನ್ನೇ ಯಾಕೆ ಮೊದಲು ತಂದರೋ, ನಾನು ಕೇಳಲಿಲ್ಲ. ‘ಬೆನ್ನು ರೀ, ಬೆನ್ನು!’ ಎಂದು ಕೂಗುತ್ತ ಓಡಿ ಫ್ಯಾನಿನ ಇನ್ನೊಂದು ಬದಿ ಹಿಡಿದುಕೊಂಡೆ.

ಅಂದು ಮಧ್ಯಾಹ್ನ ಬರೀ ತಿಳಿಸಾರು. ಬೋಗುಣಿಯಲ್ಲಿ ಮುಕ್ಕಾಲು ಪಾಲು ಕಾಳು ಹಿತುಕದೆ ಹಾಗೇ ಉಳಿದಿತ್ತು. ಇಂಥದ್ದನ್ನು ಕಂಡಾಗ ಏನು ಬರೆಯಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ ನಮ್ಮಿಬ್ಬರ ಹೆಸರಿನಲ್ಲಿ ಕಡತವೇ ಇಲ್ಲವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಪ್ರಗತಿ ಇದೆ.