ಅಳಿಸುವುದು ನಾಲ್ಕನೆಯ ಪಾಠ

ವಿಜೇತಾ ಟೀಚರ್ ಸೀನನಿಗೆ ಬ್ಲಾಗ್ ಬರೆಯುವುದನ್ನು ಒಂದೇ ಬೆಳಿಗ್ಗೆ ಕಲಿಸಿಬಿಟ್ಟರು, ಅಳಿಸುವುದನ್ನು ಕಲಿಸಲಿಲ್ಲ. ಆ ಆದಿತ್ಯವಾರದ ಅವಾಂತರಕ್ಕೆಲ್ಲ ಇಷ್ಟೇ ಮೂಲ.

ಟೀಚರನ್ನು ದೂರುವ ಹಾಗೂ ಇಲ್ಲ. ಮಾಟುಂಗದ ಕನ್ನಡ ಸಂಘದ ಮಹಡಿಯಲ್ಲಿ ‘ಏನೂ ಗೊತ್ತಿಲ್ಲದವರಿಗೆ ಬ್ಲಾಗ್’ ಎಂದು ನಾಲ್ಕು ಆದಿತ್ಯವಾರಗಳ ತರಗತಿ ಇಟ್ಟಿದ್ದರು. ಬೋರ್ಡಿನ ಮೇಲೆ ಮೊದಲೇ ಬರೆದಿದ್ದರು: ಮೊದಲ ವಾರ ಬರೆದು ಪ್ರಕಟಿಸುವುದು, ಎರಡನೆಯ ವಾರ ಫೋಟೋ ಹಾಕುವುದು, ಮೂರನೆಯ ವಾರ ಓದಿದವರಿಗೆ ಉತ್ತರ ಕೊಡುವುದು, ನಾಲ್ಕನೆಯ ವಾರ ತಿದ್ದುವುದು, ಅಳಿಸುವುದು. “ಮೊದಲ ದಿನವೇ ಅಳಿಸ್ಲಿಕ್ಕೆ ಕಲಿಸಿದ್ರೆ ನೀವು ಯಾರೂ ಒಂದು ಸಾಲೂ ಉಳಿಸುವುದಿಲ್ಲ, ನನಗೆ ಗೊತ್ತುಂಟು” ಎಂದು ಟೀಚರ್ ನಕ್ಕಿದ್ದರು. ಹದಿಮೂರು ಮಂದಿ ವಿದ್ಯಾರ್ಥಿಗಳೂ ನಕ್ಕಿದ್ದರು, ಸೀನನೂ ಸೇರಿ.

ಸೀನ ಸಾಂತಾಕ್ರೂಜ್‌ನ ‘ಶೀಲಾ ವಿಹಾರ’ ಹೋಟೆಲಿನಲ್ಲಿ ಕ್ಯಾಪ್ಟನ್. ಎಂದರೆ ಗಿರಾಕಿಗಳನ್ನು ಕೂರಿಸಿ ಆರ್ಡರ್ ತೆಗೆದುಕೊಳ್ಳುವವ. ಸೇರಿದ್ದು ಟೇಬಲ್ ಒರೆಸಲು, ಇಪ್ಪತ್ತೆರಡು ವರ್ಷದ ಹಿಂದೆ. ಈಗ ಅವನ ಕಣ್ಣಿದ್ದದ್ದು ಒಂದೇ ಕುರ್ಚಿಯ ಮೇಲೆ. ಧಣಿ ದೂಮಣ್ಣ ಶೆಟ್ಟರು ಘಾಟ್ಕೋಪರ್‌ನಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅದರ ಮ್ಯಾನೇಜರ್ ಯಾರೆಂದು ಇದೇ ಆದಿತ್ಯವಾರ ಸಂಜೆ ಹೇಳುವುದೆಂದೂ, ಆ ಮನುಷ್ಯನಿಗೆ ಕಾಲಕ್ಕೆ ತಕ್ಕ ವಿದ್ಯೆ ಇರಬೇಕೆಂದೂ ಸಾರಿದ್ದರು. ಕಾಲಕ್ಕೆ ತಕ್ಕ ವಿದ್ಯೆ ಎಂದರೆ ಯಾವುದು ಎಂದು ಸೀನ ಹುಡುಕುತ್ತಿರುವಾಗಲೇ ಸಂಘದ ನೋಟೀಸು ಕಣ್ಣಿಗೆ ಬಿತ್ತು. ಒಂದೇ ಕೈಯಲ್ಲಿ ಎಂಟು ದೋಸೆ ಪ್ಲೇಟು ಹೊರುವವನಿಗೆ ಬ್ಲಾಗ್ ಯಾವ ಮಹಾ ಎಂದು ಬೆಳಿಗ್ಗೆಯ ಪಾಳಿಗೆ ರಜೆ ಹೇಳಿ ಹೊರಟುಬಿಟ್ಟ.

ಮಹಾ ಏನೂ ಆಗಿರಲಿಲ್ಲ, ನಿಜ. ಮೊಬೈಲಿನಲ್ಲಿ ಒಂದು ಖಾತೆ ತೆರೆದ. ಬ್ಲಾಗಿಗೆ ಒಂದು ಹೆಸರಿಟ್ಟ. ಬರೆಯುವವರ ಹೆಸರು ಎಂಬ ಜಾಗದಲ್ಲಿ ಸ್ವಂತ ಹೆಸರು ಹಾಕಲು ನಾಚಿಕೆಯಾಗಿ ‘ಸಪ್ಲಾಯರ್’ ಎಂದು ಬರೆದ. “ಬ್ಲಾಗ್ ಅಂದ್ರೆ ಬಾಗಿಲು ತೆರೆದಿಟ್ಟ ಡೈರಿ. ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಬರೆಯಿರಿ” ಎಂದರು ಟೀಚರ್. ಸೀನನ ಕಿವಿಗೆ ಬಿದ್ದದ್ದು ಡೈರಿ ಎಂಬ ಮಾತು. ಬಾಗಿಲಿನ ಮಾತು ಫ್ಯಾನಿನ ಗಾಳಿಗೆ ಹಾರಿಹೋಯಿತು.

ಅವನಿಗೆ ಮಾತ್ರ ಗೊತ್ತಿದ್ದ ಸಂಗತಿ ಒಂದಿತ್ತು. ಅವನಿಗೆ, ಅಡುಗೆಯ ಭಟ್ಟರಿಗೆ, ಮತ್ತು ಹೋಟೆಲಿನ ಉಳಿದೆಲ್ಲರಿಗೆ. ಧಣಿಗಳು ದಿನಕ್ಕೆರಡು ಸಲ, ಬೆಳಿಗ್ಗೆ ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿದ ಮೇಲೆ ಮತ್ತು ಸಂಜೆ ಐದಕ್ಕೆ, ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂತು ಸಾಂಬಾರು ರುಚಿ ನೋಡುತ್ತಾರೆ. ಪುಟ್ಟ ಬಟ್ಟಲು ಹೋಗುತ್ತದೆ. ಧಣಿಗಳು ಕಣ್ಣು ಮುಚ್ಚಿ ಒಂದು ಚಮಚ ಕುಡಿದು “ಉಪ್ಪು ಒಂಚೂರು ಕಡಿಮೆ” ಎನ್ನುತ್ತಾರೆ. ಬಟ್ಟಲು ಒಳಗೆ ಹೋಗುತ್ತದೆ. ಭಟ್ಟರು ಗೋಡೆಯ ಮರೆಯಲ್ಲಿ ನಿಂತು ಬಾಯಿಯ ಎಲೆಯಡಿಕೆ ಮುಗಿಸಿ, ಒಂದು ಕಲ್ಲು ಉಪ್ಪನ್ನೂ ಹಾಕದೆ, ಅದೇ ಬಟ್ಟಲನ್ನು ವಾಪಸು ಕಳಿಸುತ್ತಾರೆ. ಧಣಿಗಳು ಮತ್ತೊಂದು ಚಮಚ ಕುಡಿದು “ಹಾಂ, ಈಗ ಸರಿಯಾಯ್ತು ನೋಡು” ಎನ್ನುತ್ತಾರೆ. ಇದು ಇಪ್ಪತ್ತು ವರ್ಷಗಳಿಂದ ಒಂದು ದಿನವೂ ತಪ್ಪದೆ ನಡೆದುಬಂದ ಪೂಜೆ.

ಸೀನ ಅದನ್ನೇ ಬರೆದ. ಕೊನೆಗೆ ಕೈ ತಡೆಯದೆ ಒಂದು ಸಾಲು ಸೇರಿಸಿದ: “ನಮ್ಮ ಧಣಿಗಳ ನಾಲಿಗೆಯ ಮೇಲೆ ಸರಸ್ವತಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ, ಉಪ್ಪಂತೂ ಇಲ್ಲ.” ಓದಿ ತಾನೇ ನಕ್ಕು, ಪ್ರಕಟಿಸು ಎಂಬ ಬಟನ್ ಒತ್ತಿದ. ಟೀಚರ್ ಓದಿ ಚಪ್ಪಾಳೆ ತಟ್ಟಿಸಿದರು. ಇಷ್ಟು ದಿನ ತನ್ನೊಳಗೊಬ್ಬ ಲೇಖಕ ಸುಮ್ಮನೆ ಪ್ಲೇಟು ಎತ್ತುತ್ತಿದ್ದನಲ್ಲ ಎಂದು ಸೀನನಿಗೆ ತನ್ನ ಮೇಲೆಯೇ ಕನಿಕರ ಹುಟ್ಟಿತು.

ಲೋಕಲ್ ಬಾಂದ್ರಾ ದಾಟುವಾಗ ಮೊಬೈಲ್ ತೆಗೆದು ನೋಡಿದ. ಬರಹದ ಕೆಳಗೆ ನಲವತ್ತೊಂದು ಎಂಬ ಅಂಕಿ ಇತ್ತು. ತರಗತಿಯಲ್ಲಿ ಇದ್ದದ್ದು ಹದಿಮೂರೇ ಜನ. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಟೀಚರಿಂದ ಸಂದೇಶ ಬಂತು: “ಸೀನಣ್ಣ, ನಿಮ್ಮ ಬ್ಲಾಗನ್ನು ‘ಸಪ್ಲಾಯರ್’ ಹೆಸರಲ್ಲೇ ಸಂಘದ ಗ್ರೂಪಿಗೆ ಹಾಕಿದ್ದೇನೆ. ಮುಂಬೈಯ ಎಲ್ಲ ಹೋಟೆಲಿನವರೂ ಅದರಲ್ಲಿದ್ದಾರೆ!”

ಸೀನನಿಗೆ ಎಲ್ಲವೂ ಒಟ್ಟಿಗೇ ಕಣ್ಮುಂದೆ ಬಂತು. ಇಪ್ಪತ್ತೆರಡು ವರ್ಷ ತಿಂದ ಉಪ್ಪು, ಅದೇ ಉಪ್ಪಿನ ಮೇಲೆ ಬರೆದ ಹಾಸ್ಯ, ಸಂಜೆ ಐದಕ್ಕೆ ಮ್ಯಾನೇಜರನ ಹೆಸರು. ಕೂಡಲೇ ಟೀಚರಿಗೆ ಫೋನ್ ಮಾಡಿದ.

“ಟೀಚರ್, ಅದನ್ನು ಅಳಿಸುವುದು ಹೇಗೆ?”

“ನೋಡಿದ್ರಾ! ಬರೆದವರಿಗೆಲ್ಲ ಮೊದಲ ದಿನ ಹೀಗೇ ಆಗ್ತದೆ. ಹೆದರಬೇಡಿ ಸೀನಣ್ಣ, ಧೈರ್ಯ ಬೇಕು.”

“ಧೈರ್ಯ ಬೇಡ ಟೀಚರ್, ಅಳಿಸುವ ಬಟನ್ ಎಲ್ಲಿ ಉಂಟು ಹೇಳಿ.”

“ಅದು ನಾಲ್ಕನೆಯ ಪಾಠ. ಈಗ ನಾನು ನಾಟಕದ ಥಿಯೇಟರ್ ಒಳಗೆ ಹೋಗ್ತಿದ್ದೇನೆ, ಫೋನ್ ಸ್ವಿಚ್ ಆಫ್ ಮಾಡ್ತೇನೆ. ಬರೀತಾ ಇರಿ!”

ಫೋನ್ ಸತ್ತಿತು. ಅಂಕಿ ಎಪ್ಪತ್ತಕ್ಕೇರಿತು.

ಹೋಟೆಲಿಗೆ ಬಂದರೆ ಮಧ್ಯಾಹ್ನದ ಊಟದ ರಶ್ಶು. ಧಣಿಗಳು ಊಟಕ್ಕೆ ಮನೆಗೆ ಹೋಗಿದ್ದರು, ಅದೊಂದು ಪುಣ್ಯ. ಒಂದು ಟೇಬಲಿಗೆ ನೀರು ಎರಡು ಸಲ ಇಟ್ಟು, ಇನ್ನೊಂದಕ್ಕೆ ಇಡಲೇ ಮರೆತು, ಪೂರಿ ಕೇಳಿದವರಿಗೆ ಮೊಸರವಲಕ್ಕಿ ಕಳಿಸಿ, ಸೀನ ಕೊನೆಗೆ ಕಾಶಿನಾಥನನ್ನು ಕೈತೊಳೆಯುವ ಜಾಗಕ್ಕೆ ಎಳೆದುಕೊಂಡು ಹೋದ. ಕಾಶಿನಾಥ ಇನ್ನೊಬ್ಬ ಕ್ಯಾಪ್ಟನ್. ಘಾಟ್ಕೋಪರಿನ ಕುರ್ಚಿಯ ಮೇಲೆ ಅವನ ಕಣ್ಣೂ ಇತ್ತು. ಆದರೆ ಹೋಟೆಲಿನಲ್ಲಿ ಮೊಬೈಲ್ ವಿದ್ಯೆ ಬಲ್ಲವನು ಅವನೊಬ್ಬನೇ, ಮತ್ತು ಮುಳುಗುವವ ಯಾರ ಕೈ ಎಂದು ಕೇಳುತ್ತಾನೆಯೇ?

ಕಾಶಿನಾಥ ಪೂರ್ತಿ ಓದಿದ. ಸರಸ್ವತಿಯ ಸಾಲಿಗೆ ಬಂದಾಗ ನಗು ತಡೆಯಲಾರದೆ ವಾಶ್‌ಬೇಸಿನ್ ಹಿಡಿದುಕೊಂಡ.

“ಎಂತ ಬರ್ದಿದ್ದಿ ಮಾರಾಯ! ಧಣಿ ಓದಿದ್ರೆ ನಿನ್ನ ಕತೆ ಮುಗೀತು.”

“ಅದಕ್ಕೇ ಹೇಳುವುದು, ಅಳಿಸಿ ಕೊಡು ಕಾಶಣ್ಣ.”

“ಇದು ಭಾರೀ ಕಷ್ಟ. ಒಂದು ಕೆಲಸ ಮಾಡು, ಪೂರ್ತಿ ಬರಹವನ್ನು ಕಾಪಿ ಮಾಡಿ ನನಗೆ ಕಳಿಸು. ಆರಾಮದಲ್ಲಿ ನೋಡ್ತೇನೆ.”

ಕಾಪಿ ಮಾಡುವುದು ಮೊದಲ ಪಾಠದಲ್ಲೇ ಇತ್ತು. ಸೀನ ಕಳಿಸಿದ, ಎರಡು ಸಲ ಥ್ಯಾಂಕ್ಸ್ ಕೂಡ ಹೇಳಿದ. ಮೂರು ಗಂಟೆಯವರೆಗೆ ಕಾಶಿನಾಥ ಆರಾಮದಲ್ಲೇ ನೋಡಿದ, ಆಮೇಲೆ “ಇದು ಆಗುವ ಹೋಗುವ ಕೆಲಸ ಅಲ್ಲ, ದೇವರಿಗೆ ಕಾಯಿ ಹೇಳಿಕೋ” ಎಂದುಬಿಟ್ಟ. ಅಂಕಿ ಮುನ್ನೂರು ದಾಟಿತ್ತು.

ರಶ್ಶು ಇಳಿದದ್ದೇ ಸೀನ ಸ್ಟೇಷನ್ನಿನ ಬಳಿಯ ಶಬ್ಬೀರನ ಮೊಬೈಲ್ ರಿಪೇರಿ ಅಂಗಡಿಗೆ ಓಡಿದ. ವಿಜಯಪುರದ ಕಡೆಯ ಶಬ್ಬೀರ ದಿನಾ ಸಂಜೆ ಶೀಲಾ ವಿಹಾರದಲ್ಲೇ ಚಹಾ ಕುಡಿಯುವವ. ಅಂಗಡಿಯ ಮೂಲೆಯಲ್ಲಿ ಅವನ ತಾಯಿ ಬೀಬೀಜಾನ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

“ಏನ್ ಸೀನಣ್ಣಾ, ಹಿಂಗ್ಯಾಕ ತೇಕಾಕ್ಹತ್ತೀರಿ? ಕುಂದರ್ರಿ.”

“ಕೂರಲಿಕ್ಕೆ ಟೈಮಿಲ್ಲ ಶಬ್ಬೀರ. ಇದನ್ನೊಂದು ಅಳಿಸಿ ಕೊಡು.”

“ಅಳಸೂದೇನು ದೊಡ್ಡ ಮಾತಲ್ರಿ. ಖರೇ, ಯಾವ್ದು ಅಳಸ್ಬೇಕಂತ ಮೊದಲ ಓದಿ ನೋಡ್ಬೇಕಲ್ರಿ? ನಾಳೆ ತಪ್ಪಿ ಬ್ಯಾರೇದ್ದು ಹೋದ್ರ ನನ್ನ ಹೆಸರು ಕೆಡ್ತೈತಿ.”

ಶಬ್ಬೀರ ಗಟ್ಟಿಯಾಗಿ ಓದತೊಡಗಿದ. ಚಾರ್ಜರ್ ಕೊಳ್ಳಲು ಬಂದವರು ಚಾರ್ಜರ್ ಮರೆತು ನಿಂತರು. ಪಕ್ಕದ ಪಾನ್ ಅಂಗಡಿಯವನಿಗೆ ಕನ್ನಡ ಬಾರದು. ಅವನಿಗೆಂದು ಶಬ್ಬೀರ ಅಷ್ಟಷ್ಟನ್ನೂ ಹಿಂದಿಯಲ್ಲಿ ಮತ್ತೆ ಹೇಳಿದ. ಬೀಬೀಜಾನ ಬಟಾಣಿ ಬಿಟ್ಟು ಕಣ್ಣೊರೆಸಿಕೊಂಡಳು.

“ಯಪ್ಪಾ, ನಮ್ಮ ಮನ್ಯಾಗೂ ಹಿಂಗ ಇತ್ತು ನೋಡು. ಇವರಪ್ಪ ಸಾರಿಗೆ ಖಾರ ಕಮ್ಮಿ ಅಂತಿದ್ದ. ನಾ ಒಳಗ ಹೋಗಿ ಸುಮ್ನ ನಿಂತು ಬರ್ತಿದ್ದೆ. ನಲವತ್ತ ವರ್ಷ ಬಾಳೆ ಮಾಡೀನಿ. ಇಂಥಾದ್ದು ಯಾಕ ಅಳಸ್ತೀಯಪ್ಪಾ?”

“ಅಮ್ಮಾ, ನಿಮ್ಮದು ಬಾಳು ನಡೀತು, ನನ್ನದು ನಿಲ್ತದೆ!” ಎಂದ ಸೀನ.

ಶಬ್ಬೀರ ಮೂರು ಕಡೆ ಒತ್ತಿದ. “ಖಂಡಿತಾ ಅಳಿಸಬೇಕೇ?” ಎಂದು ಮೊಬೈಲ್ ಕೇಳಿತು. ಸೀನ ತಾನೇ ಬೆರಳು ಚಾಚಿ ಹೌದು ಎಂಬುದನ್ನು ಒತ್ತಿದ. ಆರುನೂರ ಹನ್ನೆರಡು ಎಂಬ ಅಂಕಿಯೂ, ಧಣಿಗಳೂ, ಉಪ್ಪೂ, ಸರಸ್ವತಿಯೂ ಒಟ್ಟಿಗೇ ಮಾಯವಾದವು. ಎಲ್ಲಿ ನೋಡಿದರೂ ‘ಈ ಪುಟ ಇಲ್ಲ’ ಎಂದೇ ಬರುತ್ತಿತ್ತು. ಸೀನ ಎದೆಯುಬ್ಬಿಸಿ ನಡೆದ. ನಾಲ್ಕು ವಾರದ ವಿದ್ಯೆಯನ್ನು ಒಂದೇ ದಿನದಲ್ಲಿ ಮುಗಿಸಿದವನಿಗೆ ಘಾಟ್ಕೋಪರ್ ಯಾವ ಲೆಕ್ಕ ಎಂದು ಅವನಿಗೆ ಮತ್ತೆ ಅನಿಸತೊಡಗಿತ್ತು.

ಐದು ಗಂಟೆಗೆ ಧಣಿಗಳು ಎಲ್ಲರನ್ನೂ ಗಲ್ಲೆಯ ಮುಂದೆ ನಿಲ್ಲಿಸಿದರು. ಅವರ ಪಕ್ಕದಲ್ಲಿ ಹೆಂಡತಿ ಶೀಲಾವತಿ ಮೊಬೈಲ್ ಹಿಡಿದು ನಿಂತಿದ್ದರು. ಆಕೆಯೂ ಸಂಘದ ಗ್ರೂಪಿನಲ್ಲಿದ್ದಾರೆ ಎಂಬುದು ಸೀನನಿಗೆ ಆಗ ನೆನಪಾಯಿತು.

“ಮಧ್ಯಾಹ್ನ ಊಟದ ಹೊತ್ತಿಗೆ ಇವಳು ಒಂದು ಬ್ಲಾಗ್ ಓದಿ ಹೇಳಿದಳು” ಎಂದರು ಧಣಿಗಳು, ಹುಬ್ಬು ಗಂಟಿಕ್ಕಿ. “ನನ್ನ ಉಪ್ಪಿನ ವಿಷಯ. ಈಗ ನೋಡಿದ್ರೆ ಅದು ತೆರೀತಾ ಇಲ್ಲ. ಬರೆದವ ಯಾರು?”

ಭಟ್ಟರು ಸೂರು ನೋಡಿದರು. ಧಣಿಗಳ ಕಣ್ಣು ಒಬ್ಬೊಬ್ಬರನ್ನೇ ದಾಟಿ ಸೀನನ ಮೇಲೆ ನಿಂತಿತು.

“ನೀನಾ?”

“ನಾನಾ? ದೇವರಾಣೆ ಅಲ್ಲ ಧಣಿ! ಬ್ಲಾಗ್ ಅಂದ್ರೆ ಎಂತ ಅಂತಲೇ ನನಗೆ ಗೊತ್ತಿಲ್ಲ.”

“ಹೌದು, ನಿನ್ನ ಕೈಯಲ್ಲಿ ಅದೆಲ್ಲಿ ಆಗ್ತದೆ” ಎಂದು ಧಣಿಗಳು ನಿಟ್ಟುಸಿರಿಟ್ಟರು. ಆಮೇಲೆ ಅವರ ಹುಬ್ಬಿನ ಗಂಟು ಬಿಚ್ಚಿತು. “ನೀವು ಉಪ್ಪು ಹಾಕುವುದಿಲ್ಲ ಅಂತ ನನಗೆ ಗೊತ್ತಿಲ್ಲ ಅಂದುಕೊಂಡ್ರಾ? ಇಪ್ಪತ್ತು ವರ್ಷದಿಂದ ಗೊತ್ತುಂಟು. ‘ಧಣಿ, ಉಪ್ಪು ಸರಿಯಾಗಿಯೇ ಉಂಟು’ ಅಂತ ಹೇಳುವ ಒಬ್ಬ ಗಂಡಸು ಹುಟ್ಟಿ ಬರ್ತಾನಾ ಅಂತ ಕಾಯ್ತಾ ಇದ್ದೆ. ಇವತ್ತು ಬಂದ. ಸತ್ಯವೂ ಉಂಟು, ಕಾಲಕ್ಕೆ ತಕ್ಕ ವಿದ್ಯೆಯೂ ಉಂಟು. ಘಾಟ್ಕೋಪರ್ ಅವನಿಗೇ.”

ಇದು ಇಪ್ಪತ್ತು ವರ್ಷದ ಸತ್ಯವೋ, ಮಧ್ಯಾಹ್ನ ಹೆಂಡತಿ ಬಿದ್ದು ಬಿದ್ದು ನಕ್ಕ ಮೇಲೆ ಹುಟ್ಟಿದ ಸತ್ಯವೋ, ದೇವರೇ ಬಲ್ಲ. ಸೀನ ಬಾಯಿ ತೆರೆದ. ಆದರೆ ಅವನ ಬಾಯಿಂದ ಮಾತು ಹೊರಡುವ ಮೊದಲೇ ಕಾಶಿನಾಥ ಒಂದು ಹೆಜ್ಜೆ ಮುಂದೆ ಬಂದು ಕೈಮುಗಿದಿದ್ದ.

“ತಪ್ಪಾಯ್ತು ಧಣಿ. ನಾನೇ. ಯಾರೋ ಹೊಟ್ಟೆಕಿಚ್ಚಿನವರು ಅಳಿಸಿದ ಹಾಗೆ ಕಾಣ್ತದೆ. ಪುಣ್ಯಕ್ಕೆ ಪೂರ್ತಿ ಬರಹ ನನ್ನ ಹತ್ತಿರ ಉಂಟು.”

ಶೀಲಾವತಿ ಅವನ ಮೊಬೈಲ್ ನೋಡಿ “ಇದೇ, ಇದೇ! ಸರಸ್ವತಿಯ ಸಾಲೂ ಉಂಟು!” ಎಂದು ಮತ್ತೆ ನಗತೊಡಗಿದರು.

“ಸುಳ್ಳು ಧಣಿ!” ಸೀನ ಕಿರುಚಿದ. “ಅದನ್ನು ಅಳಿಸಿದ್ದು ನಾನು! ಬೇಕಾದರೆ ಶಬ್ಬೀರನನ್ನು ಕೇಳಿ!”

ತಾನು ಏನು ಹೇಳಿದೆ ಎಂಬುದು ಸೀನನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

“ಹೊಟ್ಟೆಕಿಚ್ಚಿನವ ನೀನೇನಾ?” ಎಂದರು ಧಣಿಗಳು, ತುಂಬ ನೊಂದು. “ಬರೆದವ ತನ್ನದನ್ನು ತಾನೇ ಅಳಿಸ್ತಾನಾ ಮಾರಾಯ?”

“ಬರೆದದ್ದೂ ನಾನೇ ಧಣಿ...”

“ಈಗಷ್ಟೇ ದೇವರಾಣೆ ಹಾಕಿದ್ದು ಯಾರು?”

ಸೀನ ಬ್ಲಾಗ್ ತೋರಿಸಲು ಮೊಬೈಲ್ ತೆಗೆದ, ‘ಈ ಪುಟ ಇಲ್ಲ’ ಎಂದೇ ಬಂತು. ಟೀಚರಿಗೆ ಫೋನ್ ಮಾಡಿದ. ನಾಟಕ ಮುಗಿದ ಮೇಲೂ ಫೋನ್ ಆನ್ ಮಾಡಲು ಮರೆತಿದ್ದರೋ ಏನೋ, ಸ್ವಿಚ್ ಆಫ್ ಎಂದಿತು. ಅಷ್ಟರಲ್ಲಿ ಕಾಶಿನಾಥನ ಕೊರಳಿಗೆ ದೇವರ ಫೋಟೋದ ಸೇವಂತಿಗೆ ಮಾಲೆ ಬಿದ್ದಾಗಿತ್ತು.

ಒಳಗಿನಿಂದ ಸಂಜೆಯ ಸಾಂಬಾರಿನ ಬಟ್ಟಲು ಬಂತು. ಇಷ್ಟೆಲ್ಲ ಆದ ಮೇಲೂ ಧಣಿಗಳು ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಒಂದು ಚಮಚ ಕುಡಿದು “ಉಪ್ಪು ಒಂಚೂರು ಕಡಿಮೆ” ಎಂದರು. ಬಟ್ಟಲನ್ನು ಸೀನನ ಕೈಗೆ ಕೊಟ್ಟರು.

ಸೀನ ಅಡುಗೆಮನೆಯ ಗೋಡೆಯ ಮರೆಗೆ ಹೋಗಿ ನಿಂತ. ಬಟ್ಟಲನ್ನೇ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಧೈರ್ಯ ಬಂತು. ಟೀಚರ್ ಹೇಳಿದ್ದು ಇದೇ ಧೈರ್ಯವಿರಬೇಕು. ಸತ್ಯ ಹೇಳುವವನಿಗೆ ತಾನೇ ಧಣಿ ಇಷ್ಟು ವರ್ಷ ಕಾದದ್ದು? ಹೊರಗೆ ಬಂದು ಬಟ್ಟಲನ್ನು ಗಲ್ಲೆಯ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಧಣಿ, ನಾನು ಉಪ್ಪು ಹಾಕಲಿಲ್ಲ. ಉಪ್ಪು ಸರಿಯಾಗಿಯೇ ಉಂಟು.”

ಧಣಿಗಳು ತಲೆ ಅಲ್ಲಾಡಿಸಿದರು.

“ಸೀನಾ, ಕಾಶಿನಾಥ ಬರೆದದ್ದನ್ನು ಕದ್ದು ಇಲ್ಲಿ ಬಂದು ಸತ್ಯವಂತನ ವೇಷ ಹಾಕಬೇಡ. ಹೋಗು, ಉಪ್ಪು ಹಾಕಿ ತಾ.”