ಮುಖ ಕೊಯ್ದ ಹಲಗೆ

ಪ್ರವಾಸಿಗರೆಂದರೆ ನನಗೆ ಭಯ ಎಂದರೆ ಊರವರು ನಗುತ್ತಾರೆ. ನಗಲಿ. ಎಲ್ಲವೂ ನೆಟ್ಟಗಿದ್ದ ಕೊನೆಯ ದಿನ ನಾನೂ ನಕ್ಕಿದ್ದೆ. ನಮ್ಮದು ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು. ಹೊಳೆ ನೋಡಲು ಬರುವವರನ್ನು ಸ್ವಾಗತಿಸಲು ಪಂಚಾಯತಿಯವರು ಆಳೆತ್ತರದ ಹಲಗೆ ಬರೆಸುತ್ತಿದ್ದರು: ರುಮಾಲು ಸುತ್ತಿ ಕೈಮುಗಿದು ನಿಂತ ರೈತ. ಹಾಗೆ ನಿಲ್ಲಲು ನಮ್ಮವರನ್ನೇ, ಅಂದರೆ ನನ್ನ ಗಂಡನನ್ನೇ, ಕರೆದರು. ಅವರೋ ತಹಶೀಲ್ದಾರರ ಮುಂದೆ ನಿಂತವರಂತೆ ಬಿಗಿದುಕೊಂಡು ನಿಂತಿದ್ದರು. ಚಹಾ ಒಯ್ದ ನಾನು, "ಹಿಂಗ ನಿಂತ್ರ ಬಂದ ಮಂದೀನೂ ಹೊಳ್ಳಿ ಹೋಗ್ತಾರ ನೋಡ್ರಿ," ಅಂದೆ. ನಕ್ಕುಬಿಟ್ಟರು. "ಹಂಗ ಇರ್ರಿ ಕಾಕಾ, ಅಳ್ಳಾಡಬ್ಯಾಡ್ರಿ!" ಎಂದು ಪೇಂಟರ್ ಇಕ್ಬಾಲ ಆ ನಗುವನ್ನು ಹಲಗೆಯ ಮೇಲೆ ಹಿಡಿದುಬಿಟ್ಟ. ಮರುದಿನ ಕಬ್ಬಿಗೆ ನೀರು ಬಿಡಲು ಹೋದವರು ಬದುವಿನ ಮೇಲೆಯೇ ಮಲಗಿದರು. ಏಳಲಿಲ್ಲ.

ಅವರ ಉಳಿದ ಫೋಟೋಗಳೆಲ್ಲ ಆಧಾರ್ ಕಾರ್ಡು, ರೇಷನ್ ಕಾರ್ಡಿನವು. ಸರಕಾರಕ್ಕೆ ಹಲ್ಲು ತೋರಿಸುವುದು ತಪ್ಪೆಂದು ನಂಬಿದ್ದ ಮನುಷ್ಯ. ದಿನಕರ್ಮ ಮುಗಿದ ಮೇಲೆ ಆ ನಗು ನೋಡಲು ದಂಡೆಗೆ ಹೋದೆ. ಹಲಗೆಯಲ್ಲಿ ರುಮಾಲಿತ್ತು, ಮುಗಿದ ಕೈಗಳಿದ್ದವು, ಹೆಬ್ಬೆರಳಿಗೆ ಕುಡುಗೋಲು ತಾಗಿದ ಕಲೆಯೂ ಇತ್ತು. ಮುಖವಿರಲಿಲ್ಲ. ಆ ಜಾಗದ ದುಂಡು ತೂತಿನಲ್ಲಿ ಹೊಳೆ ಹರಿಯುತ್ತಿತ್ತು.

ಆದದ್ದಿಷ್ಟು. ದಂಡೆಯ ಮೂರು ಪಂಚಾಯತಿಗಳು ಪ್ರವಾಸಿಗರಿಗಾಗಿ ಕೂಡಿ ಸಭೆ ಮಾಡಿದ್ದವು. ಕೂಡಿ ಮಾಡಿದ್ದು ಸಭೆಯನ್ನಷ್ಟೇ. ಗಾಡಿ ನಿಲ್ಲಿಸುವ ಜಾಗ ನಮ್ಮೂರಿಗೆ, ಶೌಚಾಲಯ ಆಚೆ ಊರಿಗೆ, ದಾರಿ ತೋರಿಸುವ ಬಾಣಗಳು ಮೂರನೆಯ ಊರಿಗೆ. ಅವಸರವಾದವರು ಬಾಣವನ್ನು ನಂಬಿ ಕಬ್ಬಿನಲ್ಲಿ ನುಗ್ಗುತ್ತಾರೆ. ಅದೇ ಸಭೆಯಲ್ಲಿ ಯಾರೋ, "ಮಂದಿ ತಮ್ಮ ಮಾರಿ ಇಟ್ಟು ಫೋಟೋ ತಗಸ್ಕೊಳ್ಳಾಕ ಒಂದ್ ತೂತು ಬೇಕ್ರಿ," ಅಂದರಂತೆ. ಬಡಿಗ ಬಂದು ಕೊಯ್ದು ಹೋದ.

ಈಗ ಭಾನುವಾರ ಬಂತೆಂದರೆ ನಮ್ಮವರಿಗೆ ಒಮ್ಮೆ ಕರಿ ಕನ್ನಡಕ, ಒಮ್ಮೆ ತುಟಿಗೆ ಬಣ್ಣ. ಕೊಲ್ಹಾಪುರದ ಕಡೆಯವರು ಬಂದರೆ ನಮ್ಮವರು ಮರಾಠಿ ಮಾತಾಡುತ್ತಾರೆ. ಮೊನ್ನೆ ಒಂದು ಪುಟ್ಟ ಹುಡುಗಿಯನ್ನು ಅವಳಪ್ಪ ಎತ್ತಿ ಹಿಡಿದಾಗ, ಅವಳು ಮುಖ ತೂರಿಸಿ ನನ್ನನ್ನೇ ನೋಡಿ ನಕ್ಕಳು. ನನ್ನ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಸಂಜೆ ಎಲ್ಲರೂ ಹೋದ ಮೇಲೆ ನಮ್ಮ ನಾಯಿ ಹಲಗೆಯ ಮುಂದೆ ಕೂತು, ಖಾಲಿ ತೂತಿಗೆ ಬಾಲ ಅಲ್ಲಾಡಿಸುತ್ತದೆ. ನಾನು ಕರೆದರೆ ಒಮ್ಮೆ ನನ್ನನ್ನು, ಒಮ್ಮೆ ತೂತನ್ನು ನೋಡುತ್ತದೆ, ಇಬ್ಬರಲ್ಲಿ ಯಾರ ಮಾತು ಕೇಳಲಿ ಎನ್ನುವಂತೆ.

ಕೊಯ್ದ ತುಂಡು ಕೊಡಿ ಎಂದರೆ ನಮ್ಮ ಪಂಚಾಯತಿ ನನ್ನನ್ನು ಆಚೆ ಊರಿಗೆ ಕಳಿಸಿತು. ಅವರು ಮೂರನೆಯ ಊರಿಗೆ, ಅವರು ಮತ್ತೆ ಇಲ್ಲಿಗೆ. ಪ್ರವಾಸವೆಂದರೆ ಇದೇ ಇರಬೇಕು. ಕಡೆಗೆ ನಮ್ಮ ಅಧ್ಯಕ್ಷೆ ಸುನಂದಾ, "ಬಿಡ್ರಿ ವೈನಿ, ಇಕ್ಬಾಲಗ ಹೇಳಿ ಹೊಸಾ ಮಾರಿ ಬರಸೂಣು," ಅಂದಳು.

"ಯಾರ್ನ ನೋಡಿ ಬರೀತಾನ ಅಂವಾ?"

ಅವಳು ಫ್ಯಾನಿನ ಕಡೆ ನೋಡಿದಳು.

ಮೂರೂ ಊರು ತಿರುಗಿ ತಿರುಗಿ ನನಗೆ ಶೌಚಾಲಯದ ದಾರಿ ಬಾಯಿಪಾಠವಾಗಿದೆ. ಈಗ ಭಾನುವಾರ ಹಲಗೆಯ ಪಕ್ಕ ನಿಂತು, ಬಂದವರಿಗೆ ದಾರಿ ಹೇಳುವವಳು ಪ್ರವಾಸಿಗರಿಗೆ ಹೆದರುವ ನಾನೇ. ಮೂರು ಪಂಚಾಯತಿಗಳ ಹೊಂದಾಣಿಕೆ ಎಂದರೆ ಸದ್ಯಕ್ಕೆ ನಾನು. ನಮ್ಮವರ ಮುಖ ಇನ್ನೂ ಸಿಕ್ಕಿಲ್ಲ.